ಬಾವಿಗೆ ಬೀಳದ ಉಗುರು

ನಮ್ಮ ಮನೆಯ ಬಾವಿಯಲ್ಲಿ ಒಂದು ಆಮೆ ಇತ್ತು. ನಾನು ಮದುವೆಯಾಗಿ ಬಂದಾಗಲೂ ಇತ್ತು. ನೀರಿನೊಳಗಿನ ಹುಳಹುಪ್ಪಡಿ ತಿಂದು ಬಾವಿ ಸ್ವಚ್ಛ ಇಡಲಿ ಎಂದು ಮಾವನವರು ಕಾಗಿಣಾ ಹೊಳೆಯಿಂದ ಹಿಡಿದು ತಂದು ಬಿಟ್ಟದ್ದಂತೆ. ಬಾವಿಗೆ ಮೆಟ್ಟಿಲಿಲ್ಲ. ಶಹಾಬಾದಿನ ಕಲ್ಲು ಕಟ್ಟಿದ ಗೋಡೆ ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಇಳಿದಿದೆ. ಆಮೆ ಹತ್ತಿ ಬರಲು ದಾರಿಯೇ ಇರಲಿಲ್ಲ. ಅದು ನೀರಿನ ಮೇಲೆ ಮೂಗಿನ ತುದಿ ತೋರಿಸುತ್ತಿತ್ತು, ನಾನು ಹಗ್ಗ ಬಿಟ್ಟ ಕೂಡಲೇ ಮುಳುಗುತ್ತಿತ್ತು. ನಾನು ಕೊಡ ಎಳೆದುಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಇಬ್ಬರ ತಿರುಗಾಟವೂ ಅಷ್ಟೇ.

ಚಿತ್ತಾಪುರ ತಾಲೂಕಿನಲ್ಲಿ ಹೊಳೆದಂಡೆಯ ಊರು ನಮ್ಮದು. ಹಣಮಂತದೇವರ ಗುಡಿಯ ಪೂಜೆ ನಮ್ಮ ಮನೆತನದ್ದು. ಗುಡಿಗೂ ಮನೆಗೂ ಒಂದೇ ಅಂಗಳ, ಒಂದೇ ಬಾವಿ. ದೇವರ ಅಭಿಷೇಕಕ್ಕೆ, ಬಂದವರಿಗೆ ಕೊಡುವ ತೀರ್ಥಕ್ಕೆ, ಮಡಿ ಅಡುಗೆಗೆ, ಎಲ್ಲಕ್ಕೂ ಅದರ ನೀರೇ. ಓಣಿಯ ತುದಿಯಲ್ಲಿ ಸರಕಾರದವರು ಹಾಕಿಸಿದ ಬೋರಿಂಗು ಇತ್ತು, ಕೈಯಿಂದ ಒತ್ತುವುದು. ನೀರು ಭಾಳ ಚಲೋ. ಆದರೆ ಅದರ ಹೊಟ್ಟೆಯಲ್ಲಿ ಚರ್ಮದ ವಾಷರ್ ಇರುತ್ತದೆ ಎಂದು ಯಾರೋ ನಮ್ಮ ಅತ್ತೆಯ ಕಿವಿಗೆ ಹಾಕಿದ್ದರು. ಅಂದಿನಿಂದ ಆ ನೀರು ದನಕ್ಕೆ, ಬಚ್ಚಲಿಗೆ. ಅಡುಗೆಮನೆಯ ಹೊಸ್ತಿಲು ಅದು ದಾಟಲಿಲ್ಲ.

ಅತ್ತೆಗೆ ಎಂಬತ್ತು ದಾಟಿತ್ತು. ಕಣ್ಣು ಚುರುಕು, ಕಿವಿ ಮಂದ. ಮನೆಯಲ್ಲಿ ಅವರ ಮಾತಿಗೆ ಎರಡನೆಯ ಮಾತಿರಲಿಲ್ಲ. ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಬಂದ ನನಗೆ ವಾದ ಮಾಡಲು ಯಾರೂ ಕಲಿಸಿರಲಿಲ್ಲ. ಹೂಂ ಅನ್ನುವುದನ್ನು ಆ ಮನೆ ಕಲಿಸಿತು. ಹೂಂ ಅಂದು, ಕೈಲಾದರೆ ಬೇರೆ ಮಾಡುವುದನ್ನು ನಾನೇ ಕಲಿತೆ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಆ ಬೇಸಿಗೆಯಲ್ಲಿ ನನ್ನ ಮಗಳು ಬಸುರಿಯಾಗಿ ತವರಿಗೆ ಬಂದಳು. ಅವಳನ್ನು ಸೇಡಂಗೆ ಕೊಟ್ಟಿದ್ದೆವು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಶಹಾಬಾದಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಹಾಸಿಗೆ ಬಿಟ್ಟು ಏಳಬಾರದು, ಬಸ್ಸು ಜೀಪು ಹತ್ತಬಾರದು ಎಂದು ಹೇಳಿ ಕಳಿಸಿದ್ದರು. ಒಳಕೋಣೆಯಲ್ಲಿ ಕಿಟಕಿಯ ಪಕ್ಕ ಮಲಗಿಸಿದೆವು. ಕಿಟಕಿಯಿಂದ ಬಾವಿಕಟ್ಟೆ ಕಾಣುತ್ತಿತ್ತು. ದಿನವೆಲ್ಲ ಅವಳು ಅದನ್ನೇ ನೋಡುತ್ತಿದ್ದಳು. ಈ ಕೂಸೂ ಉಳಿಯದಿದ್ದರೆ ಗಂಡನ ಮನೆಯವರು ಏನು ಮಾಡುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳು ಬಂದು ಸ್ವಲ್ಪ ದಿನವಾದ ಮೇಲೆ ಗುಲ್ಬರ್ಗಾದ ಕಾಲೇಜಿನ ಒಬ್ಬ ಹುಡುಗಿ ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಬಲೆ. ಚಿಂಚೋಳಿಯ ಕೆರೆ, ಶಹಾಬಾದಿನ ಹೊಳೆ, ರಾವೂರಿನ ಕಡೆ ನೀರು ನಿಂತ ಹಳೆಯ ಕಲ್ಲಿನ ಖಣಿಗಳು, ಎಲ್ಲ ತಿರುಗಿ ಆಮೆ ಹಿಡಿಯುತ್ತಿದ್ದಳಂತೆ. ನಮ್ಮ ಬಾವಿಯ ಆಮೆಯ ಸುದ್ದಿ ಕೇಳಿ ಬಂದಿದ್ದಳು. ನಮ್ಮ ಮನೆಯವರು, ಅಂದರೆ ಪೂಜೆ ಮಾಡುವವರು, ಅವ್ವನನ್ನು ಕೇಳಿ ಎಂದು ಅತ್ತೆಯ ಕಡೆಗೆ ಕೈ ತೋರಿಸಿ ಗುಡಿಯೊಳಗೆ ಹೋದರು. ಅವರು ಯಾವಾಗಲೂ ಹಾಗೆಯೇ.

ಹುಡುಗಿ ಗುಲ್ಬರ್ಗಾದವಳೇ. ಆದರೂ ಹಿರಿಯರ ಮುಂದೆ ಪುಸ್ತಕದ ಕನ್ನಡ ಆಡಿದರೆ ಮರ್ಯಾದೆ ಎಂದು ತಿಳಿದಿದ್ದಳು.

"ಅಜ್ಜಿ, ನಾವು ಆಮೆಯ ಉಗುರಿನಲ್ಲಿ ಪಾದರಸ ಎಷ್ಟಿದೆ ಎಂದು ಪರೀಕ್ಷೆ ಮಾಡುತ್ತೇವೆ. ಆಮೆಗೆ ಯಾವ ತೊಂದರೆಯೂ ಆಗುವುದಿಲ್ಲ."

"ಏನಂದಿ? ಪಾದದ ರಸ?"

"ಪಾದರಸ, ಅಜ್ಜಿ."

"ನಾನೂ ಅದನ್ನs ಅಂದೆ. ಕೂರ್ಮದೇವರ ಪಾದದ ರಸ. ನಮ್ಮ ಬಾವ್ಯಾಗ ಅದ ಅಂತ ಗುಲ್ಬರ್ಗಾತನಕ ಮುಟ್ಟೇದೇನು ಸುದ್ದಿ?"

"ಇರಬಹುದು ಅಂತಲೇ ನೋಡಲು ಬಂದಿದ್ದೇವೆ," ಎಂದಳು ಹುಡುಗಿ. ಅತ್ತೆಯ ಮುಖ ಅರಳಿತು. ನಾನು ಚಹಾ ತಂದು ಇಟ್ಟೆ. ನನಗೂ ಆ ಶಬ್ದದ ಅರ್ಥ ಗೊತ್ತಿರಲಿಲ್ಲ. ಪಾದಪೂಜೆ, ಪಾದೋದಕ ಎಂದು ದಿನಾ ಕೇಳುವ ಕಿವಿಗೆ ಇದೂ ಅದರ ಪೈಕಿ ಒಂದು ಎನಿಸಿತು.

"ಆದ್ರ ಇವತ್ತ ಮಂಗಳವಾರ," ಎಂದರು ಅತ್ತೆ. "ಇವತ್ತ ಉಗುರ ತಗೀಬಾರದು. ನಾಳಿ ಬಾ."

ಹುಡುಗಿಯ ಪುಸ್ತಕದ ಕನ್ನಡ ಅಲ್ಲಿಗೆ ಮುಗಿಯಿತು. "ಆಮಿಗೆ ವಾರ ಗೊತ್ತಿರತದೇನ್ರಿ, ಅಜ್ಜಿ?"

"ಆಮಿಗೆ ಗೊತ್ತಿಲ್ಲ. ನನಗ ಗೊತ್ತದ."

ಹುಡುಗಿ ಬಂದ ಬಸ್ಸಿಗೇ ತಿರುಗಿ ಹೋದಳು. ಆ ಒಂದು ದಿನದಲ್ಲಿ ಅತ್ತೆ ಗುಡಿಗೆ ಬಂದವರಿಗೆಲ್ಲ ಪಾದದ ರಸದ ಸುದ್ದಿ ಹೇಳಿಬಿಟ್ಟರು.

ಬುಧವಾರ ಆಮೆಯನ್ನು ಮೇಲೆ ತಂದೆವು. ಬುಟ್ಟಿಯಲ್ಲಿ ಬಾಳೆಹಣ್ಣು, ಕಲಸಿದ ಅನ್ನ ಇಟ್ಟು ಇಳಿಬಿಟ್ಟು, ಅದು ಬಂದು ಕೂರುವವರೆಗೆ ನಾನೇ ಹಗ್ಗ ಹಿಡಿದು ನಿಂತಿದ್ದೆ. ಬಾವಿಕಟ್ಟೆಯ ಮೇಲೆಯೇ ಹುಡುಗಿ ಸಾಮಾನು ಹರಡಲು ಹೋದಾಗ ಅತ್ತೆ ಒದರಿದರು. "ಏ ಹುಡುಗಿ! ಬಾವ್ಯಾಗ ಉಗುರ ಬಿದ್ದೀತು! ದೂರ ಸರಿ!" ಹುಡುಗಿ ಬೇವಿನ ಮರದ ಕೆಳಗೆ ಹೋಗಿ ಬಿಳಿ ಬಟ್ಟೆ ಹಾಸಿದಳು. ಒದ್ದೆ ಗೋಣಿಚೀಲದ ಮೇಲೆ ಆಮೆಯನ್ನು ಇಟ್ಟಳು.

ಅಷ್ಟು ವರ್ಷ ಮೂಗಿನ ತುದಿ ಮಾತ್ರ ನೋಡಿದ್ದ ನಾನು ಅಂದು ಅದರ ಇಡೀ ಮೈ ನೋಡಿದೆ. ಚಿಪ್ಪು ಕಲ್ಲಿನಂತೆ ಇರಲಿಲ್ಲ. ಮೇಲೆ ತೊಗಲು ಹೊದ್ದಿತ್ತು. ತಲೆ ಒಳಗೆ ಎಳೆದುಕೊಂಡಿತು, ಕಾಲು ಎಳೆದುಕೊಂಡಿತು, ಹಿಂಗಾಲಿನ ಮೇಲೆ ತೊಗಲಿನ ಬಾಗಿಲು ಮುಚ್ಚಿಕೊಂಡಿತು. ಹುಡುಗಿ ಎಳೆಯಲಿಲ್ಲ, ಚುಚ್ಚಲಿಲ್ಲ. ನೆರಳಿನಲ್ಲಿ ಸುಮ್ಮನೆ ಕುಳಿತಳು.

"ಮೊದಲ ಇವನ್ನ ಕೊಂದು, ಹೊಟ್ಟಿ ಸೀಳಿ, ಒಳಗಿಂದು ತಗದು ನೋಡ್ತಿದ್ರು, ಕಾಕು," ಎಂದಳು ನನಗೆ. "ಈಗ ಉಗುರಿನ ತುದಿ ಸಾಕು. ಗಟ್ಟಿ ಚಿಪ್ಪಿನವು ಸಿಕ್ರ ಚಿಪ್ಪ ಒಂಚೂರು ಕೆರಕೋತೀವಿ. ಇದರದು ಮೆತ್ತಂದು. ಉಗುರs ಗತಿ."

"ಉಗುರಾಗ ಏನ್ ಕಾಣ್ತದ?"

"ತಿಂದದ್ದು. ಭಾಳ ದಿನದಿಂದ ಏನ್ ತಿಂದದ, ಅದು ಅಲ್ಲಿ ಕುಂತಿರತದ."

ಕಡೆಗೆ ಒಂದು ಕಾಲು ಹೊರಬಂತು. ಹುಡುಗಿ ಎರಡು ಬೆರಳಲ್ಲಿ ಹಿಡಿದು, ಒಳಗಿನ ಕೆಂಪು ಗೆರೆ ಎಲ್ಲಿಗೆ ನಿಲ್ಲುತ್ತದೆ ನೋಡಿ, ಅದರಾಚೆಯ ತುದಿಯನ್ನು ಮಾತ್ರ ಕತ್ತರಿಸಿದಳು. ನಾನು ಕೂಸಿನ ಉಗುರು ತೆಗೆಯುತ್ತಿದ್ದುದೂ ಹಾಗೆಯೇ. ಚೂರುಗಳನ್ನು ಚಿಮಟದಿಂದ ಹೆಕ್ಕಿ ಸಣ್ಣ ಪುಡಿಕೆಯಲ್ಲಿ ಹಾಕಿದಳು. ಬಟ್ಟೆ ಝಾಡಿಸಿ ಮತ್ತೊಮ್ಮೆ ನೋಡಿದಳು. ಒಂದು ಹನಿ ರಕ್ತ ಬರಲಿಲ್ಲ.

ತಲೆಯೆತ್ತಿದರೆ ಅಂಗಳದ ತುಂಬ ಹೆಂಗಸರು. ಕೈಯಲ್ಲಿ ತಂಬಿಗೆ, ಗಿಂಡಿ, ಪ್ಲಾಸ್ಟಿಕ್ ಡಬ್ಬಿ.

"ಇವರೆಲ್ಲ ಯಾಕ ಬಂದಾರ, ಕಾಕು?"

"ನಿನ್ನ ಪಾದರಸಕ್ಕ."

"ಪಾದರಸ ಒಯ್ದು ಏನ್ ಮಾಡ್ತಾರ?"

"ಕುಡೀತಾರ. ಮತ್ತೇನ್ ಮಾಡ್ತಾರ? ಆಮಿ ಪಾದದ ರಸ."

ಹುಡುಗಿಯ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. "ಅಯ್ಯ, ಕಾಕು! ಪಾದರಸ ಅಂದ್ರ ಪಾರಾ! ಜ್ವರ ನೋಡೂ ಕಡ್ಡ್ಯಾಗ ಇರತದಲ್ಲ, ಬೆಳ್ಳಿಹಂಗ ಉಳ್ಳಾಡತದಲ್ಲ, ಅದು!"

ಪಾರಾ ನನಗೆ ಗೊತ್ತಿತ್ತು. ಕಾಳಗಿಯ ಸಂತೆಯಿಂದ ಪಾರಾ ಗುಳಿಗೆ ತಂದು, ಅರಿವೆಯಲ್ಲಿ ಗಂಟು ಕಟ್ಟಿ ಜೋಳದ ಚೀಲದಲ್ಲಿ ಇಡುತ್ತಿದ್ದೆವು. ಒಂದು ನುಸಿ ಉಳಿಯುತ್ತಿರಲಿಲ್ಲ.

"ಅದು ಬಸರ ಹೆಂಗಸಿನ ಹೊಟ್ಟ್ಯಾಗ ಹೋದ್ರ?"

ಹುಡುಗಿ ಕಿಟಕಿಯ ಕಡೆ ನೋಡಿದಳು. ಮಗಳು ಅಲ್ಲಿ ಮಲಗಿದ್ದಳು. "ಚಲೋ ಅಲ್ಲ. ಕೂಸಿನ ತಲಿಗೆ ಹೋಗ್ತದ," ಎಂದಳು. "ಆದ್ರ ನಿಮ್ಮ ನೀರಾಗ ಅದ ಅಂತ ನಾ ಅಂದಿಲ್ಲರಿ. ನೋಡಬೇಕು. ಹೈದರಾಬಾದಿಗೆ ಕಳಿಸಬೇಕು. ತಿಂಗಳುಗಟ್ಟಲೆ ಆಗ್ತದ."

ಆ ಹೊತ್ತಿಗೆ ಅತ್ತೆ ಆಮೆ ಕೂತಿದ್ದ ಗೋಣಿಚೀಲ ತೊಳೆದ ನೀರನ್ನು ಬಾವಿಯ ನೀರಿಗೆ ಕೂಡಿಸಿ ಹೆಂಗಸರಿಗೆ ಹಂಚುತ್ತಿದ್ದರು. ಮಗಳಿಗೆ ಅಂದಿನವರೆಗೆ ಮೂರು ಉದ್ಧರಣೆ ತೀರ್ಥ ಸಿಗುತ್ತಿತ್ತು. ಅಂದಿನಿಂದ ಬೆಳ್ಳಿಬಟ್ಟಲ ತುಂಬ.

ಅಂದೇ ಸಂಜೆ ಅತ್ತೆಗೆ ಹೇಳಿದೆ. ಕಿವಿಯ ಹತ್ತಿರ ಹೋಗಿ ಎರಡು ಸಲ ಹೇಳಿದೆ. "ನಮ್ಮ ಮಾವನವರು ಇದs ನೀರ ಕುಡದು ತೊಂಬತ್ತು ವರ್ಷ ಬದುಕಿದ್ರು," ಎಂದರು. "ಪಾರಾ ಅಂತ ಪಾರಾ. ಆ ಹುಡುಗಿ ಪಾದರಸ ಅಂದದ್ದು ಈ ಕಿವೀಲೆ ಕೇಳೀನಿ. ನೀ ಮೂರನೇ ಇಯತ್ತೆಯಾಕಿ ನನಗ ಅರ್ಥ ಹೇಳ್ತೀಯೇನು?"

ಗಂಡನಿಗೆ ಹೇಳಿದೆ. ಅವರಿಗೆ ಪಾದರಸವೆಂದರೆ ಪಾರಾ ಎಂದು ಮೊದಲೇ ಗೊತ್ತಿತ್ತು! "ಹಂಗಾದ್ರ ಬಾಯಿ ಯಾಕ ತಗೀಲಿಲ್ಲ?" ಎಂದೆ. "ದೇವರ ತೀರ್ಥಕ್ಕ ವಿಷ ಅಂತ ಪೂಜಾರಿ ಬಾಯೀಲೆ ಹೇಳ್ಲೇನು? ಗುಡಿಗೆ ನಾಳಿ ಯಾರ್ ಬರ್ತಾರ? ಸುಮ್ನಿರು," ಎಂದು ಪಂಚಾಂಗ ತೆರೆದು ಕುಳಿತರು.

ಮಗಳಿಗೆ ಹೇಳಿದೆ. ಆ ನೀರು ಬಾಯಲ್ಲಿ ಹಿಡಿದು, ಅಜ್ಜಿ ಹೊರಗೆ ಹೋದ ಮೇಲೆ ಉಗುಳಿಬಿಡು ಎಂದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಕುಡೀತೀನವ್ವಾ. ಹಿಂದಿನ ಎರಡೂ ಸಲ ಕುಡದಿದ್ದಿಲ್ಲ."

ಬೋರಿಂಗಿನ ನೀರು ತಂದು ಬೆಳ್ಳಿಬಟ್ಟಲಿಗೆ ಹಾಕೋಣವೆಂದರೆ ತೀರ್ಥದ ತಂಬಿಗೆ ಅತ್ತೆಯ ಕೈಬಿಟ್ಟು ಹೋಗುತ್ತಿರಲಿಲ್ಲ. ಮಗಳನ್ನು ಬೇರೆ ಕಡೆ ಒಯ್ಯೋಣವೆಂದರೆ ಅವಳು ಏಳುವಂತಿಲ್ಲ. ದಿನಾ ಬೆಳಿಗ್ಗೆ ನಾನೇ ನೀರು ಸೇದಿ ಕೊಡುತ್ತಿದ್ದೆ, ಅತ್ತೆ ಅದನ್ನು ಒಳಗೆ ಒಯ್ಯುತ್ತಿದ್ದರು, ಮಗಳು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ನಾನು ಹಗ್ಗ ಸುತ್ತಿಡುತ್ತಿದ್ದೆ.

ಮುಂದಿನ ವಾರ ಹುಡುಗಿ ತಿರುಗಿ ಬಂದಳು. ಆಮೆಯ ಕಾಲು ಬಾತಿದೆಯೇ, ಚೆನ್ನಾಗಿ ಈಜುತ್ತಿದೆಯೇ ಎಂದು ನೋಡಬೇಕಂತೆ. ಒಂದು ಬಾಟಲಿ ಬಾವಿಯ ನೀರನ್ನೂ ತುಂಬಿಕೊಂಡಳು. ದನದ ಕೊಟ್ಟಿಗೆಯ ಹಿಂದೆ ಕರೆದು ಕೇಳಿದೆ.

"ಖರೆ ಹೇಳು. ಈ ನೀರಾಗ ಅದನೋ ಇಲ್ಲೋ?"

"ನೀರಾಗ ಭಾಳ ಇರೂದಿಲ್ಲ, ಕಾಕು. ಕೆಸರಾಗ ಕುಂದರತದ. ಅಲ್ಲಿಂದ ಹುಳದಾಗ, ಹುಳ ತಿಂದ ಮೀನದಾಗ, ಮೀನ ತಿಂದ ಆಮ್ಯಾಗ. ಮ್ಯಾಲ ಹೋದಂಗ ಹೆಚ್ಚಾಗ್ತದ."

"ಹಂಗಾದ್ರ ಕುಡದ್ರ ಏನೂ ಆಗೂದಿಲ್ಲ ಅಂತ ನನ್ನ ಮಗಳ ಮುಂದ ನಿಂತು ಹೇಳ್ತೀಯೇನು?"

ಅವಳು ಕಾಲಿನ ಹೆಬ್ಬೆರಳಿಂದ ಮಣ್ಣು ಕೆದರಿದಳು. "ಹೈದರಾಬಾದಿಂದ ಬರೂತನಕ ಹ್ಯಾಂಗ ಹೇಳ್ಲಿ?"

"ಹಂಗಾದ್ರ ಉಗುರ ಬಿತ್ತು ಅನ್ನು."

"ಯಾವ ಉಗುರ?"

"ಅವತ್ತ ಕತ್ತರಿಸಿದ್ದು. ಒಂದ ಚೂರು ಬಾವ್ಯಾಗ ಸಿಡೀತು ಅನ್ನು. ಸಾಕು."

"ಬಿದ್ದಿಲ್ಲಲ್ಲರಿ, ಕಾಕು! ಬೇವಿನ ಗಿಡದ ಬುಡಕ ಕುಂತಿದ್ದೆ. ಚೂರು ಚೂರು ಹೆಕ್ಕೀನಿ."

"ನನಗ ಗೊತ್ತದ. ನಾ ಅಲ್ಲೇ ಇದ್ದೆ."

ಹೀಗಂದರೆ ಈ ಅಂಗಳಕ್ಕೆ ಅವಳಿಗೆ ಮತ್ತೆ ಪ್ರವೇಶವಿಲ್ಲ. ವರ್ಷ ಬಿಟ್ಟು ಇದೇ ಆಮೆಯ ಉಗುರು ಮತ್ತೆ ತೆಗೆದು ಹೋಲಿಸಿ ನೋಡಬೇಕು ಎಂದುಕೊಂಡಿದ್ದಳು. ಹೊಳೆಯ ಆಮೆ ಒಮ್ಮೆ ಹೋದರೆ ಹೋಯಿತು, ಬಾವಿಯದು ಎಲ್ಲಿಗೂ ಹೋಗುವುದಿಲ್ಲ ಎಂದು ಅವಳೇ ಹೇಳಿದ್ದಳು. ನಾನು ಕೈ ಮುಗಿಯಲಿಲ್ಲ, ಅಳಲಿಲ್ಲ. ಕಿಟಕಿಯ ಕಡೆ ಕೈ ತೋರಿಸಿದೆ ಅಷ್ಟೇ.

"ನೀವs ಹೇಳ್ರಿ," ಎಂದಳು ಕಡೆಗೆ. "ನಾ ಇಲ್ಲ ಅನ್ನೂದಿಲ್ಲ."

ಪಡಸಾಲೆಗೆ ಬಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಆ ಸಲ ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.

"ಹೇಳಿದ್ದೆ! ನಾ ಹೇಳಿದ್ದೆ!" ಎಂದು ಕೋಲು ನೆಲಕ್ಕೆ ಕುಟ್ಟಿದರು. "ಕಾಲೇಜ ಕಲತಾಳಂತ ಕಾಲೇಜ! ಉಗುರ ಎಲ್ಲಿ ಬೀಳ್ತದ ಅಂತ ಕಣ್ಣಿಲ್ಲೇನು ನಿನಗ? ನಿಮ್ಮವ್ವ ಇದನ್ನs ಕಲಿಸ್ಯಾಳೇನು?"

ಹುಡುಗಿ ತಲೆ ತಗ್ಗಿಸಿ ನಿಂತಳು. ಅವಳ ಕಿವಿ ಕೆಂಪಗಾಗಿದ್ದವು.

ನನ್ನ ಗಂಡ ಗುಡಿಯ ಬಾಗಿಲಿಂದ ಇಣುಕಿ, "ಅವ್ವಾ, ಆಮಿ ಇರೂದs ನೀರಾಗ. ಅದರ ಉಗುರ ಹಗಲು ರಾತ್ರಿ ಬಾವ್ಯಾಗs ಇರತಾವಲ್ಲ?" ಎಂದರು. ಅವರು ಬಾಯಿ ತೆರೆಯಲು ಆ ಹೊತ್ತೇ ಬೇಕಾಗಿತ್ತು.

ಅತ್ತೆ ತಿರುಗಿ ನೋಡಿದರು. "ನಿನ್ನ ತಲ್ಯಾಗ ಕೂದಲ ಅವನೋ ಇಲ್ಲೋ? ಅವು ಅನ್ನದಾಗ ಬಿದ್ರ ಉಣ್ತೀಯೇನು? ಮೈಮ್ಯಾಲ ಇರೂತನಕ ಅಂಗ. ಕಡದು ಬಿದ್ರ ಹೊಲಸು. ಶಾಸ್ತ್ರ ಓದ್ಯಾನಂತ!"

ಅಲ್ಲಿಗೆ ತೀರ್ಮಾನವಾಯಿತು. ಬಾವಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಶುದ್ಧಿ ಮಾಡುವವರೆಗೆ ಆ ನೀರು ದೇವರಿಗಿಲ್ಲ, ತೀರ್ಥಕ್ಕಿಲ್ಲ, ಅಡುಗೆಗಿಲ್ಲ. ಮೂರನೆಯ ದಿನಕ್ಕೇ ಮಿರಗದ ಮಳೆ, ಮುಂಗಾರಿನದು, ಹಿಡಿಯಿತು. ತುಂಬುತ್ತಿರುವ ಬಾವಿಯನ್ನು ಖಾಲಿ ಮಾಡುವುದು ಯಾರಿಂದಲೂ ಆಗದು. ದೀಪಾವಳಿಯಾದ ಮೇಲೆ ನೋಡೋಣ ಎಂದರು. ನಾನು ಹೂಂ ಅಂದೆ.

ಇನ್ನು ಮಡಿನೀರು ಎಲ್ಲಿಂದ? ಹರಿಯುವ ನೀರಿಗೆ ಮೈಲಿಗೆಯಿಲ್ಲ. ಹೊಳೆಗೆ ಹೋಗಬೇಕು. ಯಾರು ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಬೆಳಗಾದರೆ ಒದ್ದೆ ಸೀರೆಯಲ್ಲಿ ಕೊಡ ಹೊತ್ತು ದಂಡೆ ಹತ್ತುವುದು ನನ್ನ ಪಾಲಿಗೆ ಬಂತು. ದಾರಿಯಲ್ಲಿ ಯಾರಾದರೂ ಮುಟ್ಟಿದರೆ ಚೆಲ್ಲಿ ಮತ್ತೆ ಹೋಗಬೇಕು. ಮಳೆಗಾಲದಲ್ಲಿ ಕಾಗಿಣಾ ಕೆಂಪಗೆ ಬರುತ್ತದೆ. ಆ ಕೆಸರುನೀರನ್ನು ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಗ್ಗಿಸಿಕೊಳ್ಳುತ್ತಿದ್ದೆ. ಬಾವಿಯಲ್ಲಾದರೆ ಹಗ್ಗ ಎಳೆದರೆ ಮುಗಿಯುತ್ತಿತ್ತು. ಆ ಹಗ್ಗದಿಂದ ನನ್ನನ್ನು ನಾನೇ ಬಿಡಿಸಿ ಈ ದಂಡೆಗೆ ಕಟ್ಟಿಕೊಂಡಿದ್ದೆ. ಮೊಣಕಾಲು ಅಂದಿನಿಂದ ಹೋದದ್ದು ಇಂದಿಗೂ ತಿರುಗಿ ಬಂದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹುಡುಗಿ ಅದೇ ಹೊಳೆಯ ಆಮೆಗಳ ಉಗುರನ್ನೂ ತೆಗೆದುಕೊಂಡು ಹೋಗಿದ್ದಳು. ಅದರಲ್ಲಿ ಏನಿದೆಯೋ ಯಾರಿಗೆ ಗೊತ್ತು. ನಿಂತ ನೀರಿಗಿಂತ ಹರಿಯುವ ನೀರು ವಾಸಿ ಎಂದುಕೊಂಡೆ. ಅದಕ್ಕೆ ಆಧಾರವೇನೂ ಇರಲಿಲ್ಲ. ಮಗಳ ಬಟ್ಟಲಿಗೆ ಆ ನೀರು ಬೀಳುವಾಗಲೂ ನನ್ನ ಕಣ್ಣು ಅದರ ತಳದಲ್ಲಿ ಬೆಳ್ಳಿಯಂಥದ್ದು ಏನಾದರೂ ಉರುಳುತ್ತದೆಯೇ ಎಂದು ಹುಡುಕುತ್ತಿತ್ತು. ಪಾರಾ ನೀರಿನಲ್ಲಿ ಹಾಗೆ ಕಾಣುವುದಿಲ್ಲ ಎಂದು ಹುಡುಗಿ ಹೇಳಿದ್ದಳು. ಆದರೂ ನೋಡುತ್ತಿದ್ದೆ. ಮಗಳು ಕಿಟಕಿಯಿಂದ ಬಾವಿ ನೋಡುತ್ತಿದ್ದಳು, ನಾನು ಬಟ್ಟಲು ನೋಡುತ್ತಿದ್ದೆ. ಮಳೆಗಾಲವೆಲ್ಲ ಹೀಗೇ ಹೋಯಿತು.

ದಸರೆಯ ಹೊತ್ತಿಗೆ ಮಗಳಿಗೆ ನೋವು ಬಂತು. ಜೀಪಿನಲ್ಲಿ ಶಹಾಬಾದಿಗೆ ಒಯ್ದೆವು. ಹೆಣ್ಣು ಕೂಸು. ಸಣ್ಣದು, ಆದರೆ ದನಿ ಜೋರು. ಬದುಕಿತು. ಅತ್ತೆ ಊರಿಗೆಲ್ಲ ಹೇಳಿದರು, "ಉಗುರ ಬಿದ್ದದ್ದು ಲಗೂನ ಗೊತ್ತಾತು, ಅದಕ್ಕs ಉಳೀತು ಕೂಸು."

ದೀಪಾವಳಿಯ ನಂತರ ಒಂದು ಮುಂಜಾನೆ ಹೊಳೆಯಲ್ಲಿ ಕೊಡ ತೊಳೆಯುತ್ತಿದ್ದೆ. ಆಚೆ ಬಂಡೆಯ ಹತ್ತಿರ ಆ ಹುಡುಗಿ ಬಲೆ ಬಿಡಿಸುತ್ತಿದ್ದಳು. ನಮ್ಮ ಅಂಗಳಕ್ಕೆ ಬರುವಂತಿರಲಿಲ್ಲ, ಅದಕ್ಕೆ ನನ್ನನ್ನು ಅಲ್ಲೇ ಕಾದಿದ್ದಳು.

"ಬಂತ್ರಿ, ಕಾಕು. ನಿಮ್ಮ ಆಮಿ ಉಗುರಾಗ ಪಾರಾ ಅದ. ಹೊಳಿ ಆಮಿಗಿಂತ ಹೆಚ್ಚs ಅದ."

"ಎಲ್ಲಿಂದ ಬಂತು?"

"ಅದು ಉಗುರಿಗೆ ಗೊತ್ತಿರೂದಿಲ್ಲ."

"ನೀರಾಗ?"

ಅವಳು ಬಲೆಯ ಗಂಟು ಬಿಡಿಸುತ್ತಲೇ ಇದ್ದಳು. "ನೀರಾಗ ಏನಿಲ್ಲ ಅಂದ್ರೂ ನಡೀತದ. ಕುಡಿಯೂ ನೀರಿಗೆ ಅಷ್ಟು ಲೆಕ್ಕಕ್ಕಿಲ್ಲ. ಅದು ವರ್ಷಾನುಗಟ್ಟಲೆ ಆ ಕೆಸರಾಗಿನ ಹುಳ, ಮೀನ ತಿಂದದ. ನೀವೇನು ಮೀನ ತಿನ್ನೂದಿಲ್ಲಲ್ಲ."

"ಅಂದ್ರ ನಾ ಇಷ್ಟು ದಿನ ನೀರ ಹೊತ್ತದ್ದು?"

"ಸುಮ್ನ ಹೊತ್ತೀರಿ, ಕಾಕು."

ನಾನು ನಕ್ಕೆ. ಅವಳೂ ನಕ್ಕಳು. ಕೂಸು ಹ್ಯಾಗಿದೆ ಎಂದು ಕೇಳಿದಳು, ಚಲೋ ಅದ ಎಂದೆ. ಕೊಡ ತುಂಬಿಕೊಂಡು ದಂಡೆ ಹತ್ತಿದೆ. ಬಾವಿಗೆ ಇನ್ನೂ ಶುದ್ಧಿಯಾಗಿರಲಿಲ್ಲ. ಏನಿಲ್ಲವೆಂದು ಗೊತ್ತಾದ ಮೇಲೂ ಹೊರಬೇಕಿತ್ತು.

ಕಡೆಗೆ ಮೋಟಾರು ಹಚ್ಚಿ ಬಾವಿ ಖಾಲಿ ಮಾಡಿದರು. ತಳದ ಕೆಸರು ಬುಟ್ಟಿಗಟ್ಟಲೆ ಮೇಲೆ ಬಂತು. ಆಮೆಯನ್ನು ದನದ ಕಲ್ಲಿನ ಬಾನಿಯಲ್ಲಿ ಇಟ್ಟಿದ್ದೆವು. ಹೊಳೆಗೆ ಬಿಟ್ಟುಬಿಡೋಣ, ಹೇಗೂ ಹೊರಗೆ ಬಂದಿದೆ ಎಂದೆ. "ನಿಮ್ಮ ಮಾವನವರು ತಂದಿಟ್ಟದ್ದು," ಎಂದರು ಅತ್ತೆ. ಹೊಸ ನೀರು ಊರಿ ಮೇಲೆ ಬಂದಾಗ ಅದನ್ನು ಬುಟ್ಟಿಯಲ್ಲಿಟ್ಟು ನಾನೇ ಇಳಿಸಿದೆ. ಇಳಿಸುವ ಮೊದಲು ಕಾಲು ನೋಡಿದೆ. ಕತ್ತರಿಸಿದ ಉಗುರು ಬೆಳೆದು, ಯಾವುದು ಕತ್ತರಿಸಿದ್ದು ಯಾವುದು ಅಲ್ಲ ಎಂದು ತಿಳಿಯದಂತಾಗಿತ್ತು.

ಬಾಣಂತನ ಮುಗಿಸಿ ಮಗಳು ಸೇಡಂಗೆ ಹೊರಟ ದಿನ, ಕೂಸನ್ನು ಸೊಂಟದ ಮೇಲೆ ಹೊತ್ತು ಬಾವಿಕಟ್ಟೆಗೆ ಬಂದಳು. ಕೈಯಲ್ಲಿ ಖಾಲಿ ಬಾಟಲಿ.

"ಅವ್ವಾ, ಆಮಿ ತೀರ್ಥ ಹಾಕ್ಕೊಡು. ಕೂಸಿನ ಬಾಯಾಗ ದಿನಾ ಎರಡ ಹನಿ ಬಿಡು ಅಂತ ಅಜ್ಜಿ ಹೇಳ್ಯಾಳ."

"ಸೇಡಂದಾಗ ನೀರಿಲ್ಲೇನು?"

"ಆ ನೀರ ಬ್ಯಾರೆ, ಇದು ಬ್ಯಾರೆ."

"ಉಗುರ ಬಿದ್ದ ಬಾವಿ ಇದು."

"ಶುದ್ಧಿ ಆಗೇದಲ್ಲ?"

ನೀರಿನಲ್ಲಿ ಏನಿಲ್ಲವೆಂದು ಹುಡುಗಿ ಹೇಳಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಕೂಸಿನ ಬಾಯಿಗೆಂದು ಕೊಡಲು ಕೈ ಬರುತ್ತಿರಲಿಲ್ಲ. ಯಾಕೆ ಎಂದು ಬಿಡಿಸಿ ಹೇಳಬೇಕಾದರೆ ಉಗುರು ಬೀಳಲಿಲ್ಲ ಎನ್ನುವುದರಿಂದ ಶುರು ಮಾಡಬೇಕು. ಅತ್ತೆ ಪಡಸಾಲೆಯಲ್ಲಿ ಕುಳಿತು ನಮ್ಮ ಕಡೆಯೇ ನೋಡುತ್ತಿದ್ದರು. ಹಗ್ಗ ಬಿಟ್ಟೆ. ಮೂಗು ತೋರಿಸಿದ್ದ ಆಮೆ ಮುಳುಗಿತು. ಬಾಟಲಿ ತುಂಬಿ ಮುಚ್ಚಳ ಬಿಗಿಯಾಗಿ ತಿರುವಿದೆ.

"ಬಾಯಾಗ ಬ್ಯಾಡ," ಎಂದೆ ಮೆಲ್ಲಗೆ. "ತುಳಸಿಗೆ ಹಾಕು."

"ಹೂಂ," ಎಂದಳು ಮಗಳು.

ಆ ಹೂಂ ನನ್ನದೇ.